ಹಲಸು, ಬೋಗಿ, ಹೆಬ್ಬಲಸಿನ ಮರಗಳಿಗೆ ಯಾವ ಗರಗಸ ಯಂತ್ರ: 60 ಸಿಸಿಯೇ, 70 ಸಿಸಿಯೇ, 90 ಸಿಸಿಯೇ?

ಪ್ರಶ್ನೆ — ಮುಳ್ಳೇರಿಯದ ಕೃಷಿಕ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಮುಳ್ಳೇರಿಯದಿಂದ ಅಡೂರಿಗೆ ಹೋಗುವ ದಾರಿಯ ಒಳಭಾಗದಲ್ಲಿದೆ. ಕೆಳಗೆ ಅಡಕೆ ಮತ್ತು ತೆಂಗು, ಮೇಲಿನ ಗುಡ್ಡೆಯಲ್ಲಿ ವಯಸ್ಸಾದ ರಬ್ಬರ್, ಅಕೇಶಿಯಾ, ಗೇರು, ಬದುಗಳ ಮೇಲೆ ಹಲಸು, ಕಾಟುಮಾವು, ಹೆಬ್ಬಲಸು ಹಾಗೂ ಕೆಲವು ಬೋಗಿ ಮರಗಳಿವೆ. ಈಗ ನನ್ನ ಬಳಿ ಇರುವುದು ಸ್ಟೀಲ್ (Stihl) ಕಂಪನಿಯ ಎಂಎಸ್ 250. ಅದು 45.4 ಸಿಸಿಯ ಯಂತ್ರ. ಗೆಲ್ಲು ಸವರುವುದಕ್ಕೂ ಸೌದೆ ತುಂಡರಿಸುವುದಕ್ಕೂ ಅದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆದರೆ ಮಳೆಗಾಲದ ಗಾಳಿಗೆ ಬುಡಸಮೇತ ಮಗುಚಿದ ದೊಡ್ಡ ಮರಗಳನ್ನು ಕೊಯ್ಯುವಾಗ ಅದು ಉಸಿರುಗಟ್ಟುತ್ತದೆ, ಒತ್ತಿದರೆ ಚೈನು ನಿಲ್ಲುತ್ತದೆ.

ಹಾಗಾಗಿ ಇನ್ನೊಂದು ದೊಡ್ಡ ಯಂತ್ರ ಕೊಳ್ಳುವ ಯೋಚನೆಯಲ್ಲಿದ್ದೇನೆ. ನನ್ನ ಮನಸ್ಸಿನಲ್ಲಿರುವವು ಸ್ಟೀಲ್ ಎಂಎಸ್ 382, ಹಸ್ಕ್‌ವರ್ನಾ 365, ಹಸ್ಕ್‌ವರ್ನಾ 372 ಎಕ್ಸ್‌ಪಿ ಮತ್ತು ಸ್ಟೀಲ್ ಎಂಎಸ್ 661. ಎರಡೂವರೆ ಅಡಿ ದಪ್ಪದ ಮರಗಳಿರುವುದರಿಂದ 30 ಇಂಚಿನ ಬಾರ್ (ಚೈನು ಸುತ್ತುವ ಉದ್ದನೆಯ ಪಟ್ಟಿ) ಬೇಕು, ಅದಕ್ಕೆ 661 ಕೊಂಡರೆ ಒಂದೇ ಸಲಕ್ಕೆ ಮುಗಿಯಿತು ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ. ನಾನು ಐವತ್ತು ದಾಟಿದವನು, ಕೆಲಸವೆಲ್ಲ ಇಳಿಜಾರಿನಲ್ಲಿ. ಇವುಗಳನ್ನು ಕೈಯಾರೆ ಬಳಸಿದವರು ಯಾವುದು ಹೆಚ್ಚು ಮೆಚ್ಚುಗೆ, ಏಕೆ ಎಂಬುದನ್ನು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ಉತ್ತರ — ಮರಕೆಲಸದವ, ಬದಿಯಡ್ಕ

ಅಣ್ಣಾ, ಮೊದಲು ಬಾರಿನ ಉದ್ದದ ವಿಷಯ ಇತ್ಯರ್ಥವಾಗಬೇಕು, ಏಕೆಂದರೆ ಉಳಿದ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಮರದ ದಪ್ಪದಷ್ಟೇ ಉದ್ದದ ಬಾರ್ ಬೇಕೆಂಬುದು ಸರಿಯಲ್ಲ. ಎರಡೂ ಬದಿಯಿಂದ ಕ್ರಮವಾಗಿ ಕೊಯ್ಯಲು ತಿಳಿದವರು ಬಾರಿನ ಉದ್ದದ ಹತ್ತಿರ ಹತ್ತಿರ ಎರಡು ಪಟ್ಟು ದಪ್ಪದ ಮರವನ್ನು ಉರುಳಿಸಬಹುದು. ಅಂದರೆ ನಿಮ್ಮ ಎರಡೂವರೆ ಅಡಿಯ ಹಲಸಿಗೆ 18 ಅಥವಾ 20 ಇಂಚಿನ ಬಾರ್ ಧಾರಾಳವಾಯಿತು. ಬಾರ್ ಉದ್ದವಾದಷ್ಟೂ ಯಂತ್ರದ ಮೂತಿ ಭಾರವಾಗುತ್ತದೆ, ಅರ ಹಾಕಬೇಕಾದ ಹಲ್ಲುಗಳು ಹೆಚ್ಚುತ್ತವೆ, ತುದಿ ನಿಮ್ಮ ಕಣ್ಣಿಗೆ ಕಾಣದ ಕಡೆ ನೆಲದ ಮುರಕಲ್ಲಿಗೆ ತಾಗುತ್ತದೆ.

ಇನ್ನು ಯಂತ್ರಗಳ ಮಾತು. ಎಂಎಸ್ 661 ಎಂಬುದು 91.1 ಸಿಸಿ, 5.4 ಕಿಲೋವಾಟ್ ಶಕ್ತಿಯ ಅದ್ಭುತ ಯಂತ್ರ. ಆದರೆ ಬಾರ್, ಚೈನು, ಪೆಟ್ರೋಲ್, ಎಣ್ಣೆ ಯಾವುದೂ ಇಲ್ಲದೆಯೇ ಅದರ ತೂಕ 7.4 ಕಿಲೋ. ಇವೆಲ್ಲ ಸೇರಿದ ಮೇಲೆ ಅದನ್ನು ಹಿಡಿದು ಇಳಿಜಾರಿನಲ್ಲಿ ಮರದ ಬುಡ ಸುತ್ತುವುದು ಹರೆಯದವರಿಗೂ ಶ್ರಮದ ಕೆಲಸ. ದಿನವಿಡೀ ದೊಡ್ಡ ದಿಮ್ಮಿಗಳನ್ನೇ ಕೊಯ್ಯುವವರಿಗೆ ಮತ್ತು ಸ್ಥಳದಲ್ಲೇ ಹಲಗೆ ಸೀಳುವವರಿಗೆ ಅದು ಬೇಕು. ನಿಮಗೆ ಬೇಡ.

ನನ್ನ ಮೆಚ್ಚುಗೆಯದು 372 ಎಕ್ಸ್‌ಪಿ. ಅದರ ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 36 ಮಿ.ಮೀ., ಒಟ್ಟು 70.7 ಸಿಸಿ, ಶಕ್ತಿ 4.1 ಕಿಲೋವಾಟ್. ಎಂಎಸ್ 382ರಲ್ಲಿ ಬೋರ್ 52, ಸ್ಟ್ರೋಕ್ 34, ಒಟ್ಟು 72.2 ಸಿಸಿ, ಶಕ್ತಿ 3.9 ಕಿಲೋವಾಟ್. ಕಾಗದದ ಮೇಲೆ ಇವೆರಡೂ ಅಣ್ಣತಮ್ಮಂದಿರಂತೆ ಕಂಡರೂ ಬೋಗಿಯಂತಹ ಗಟ್ಟಿ ಮರದಲ್ಲಿ ಬಾರ್ ಪೂರ್ತಿ ಹೂತುಕೊಂಡಾಗ 372 ತನ್ನ ವೇಗವನ್ನು ಹೆಚ್ಚು ಉಳಿಸಿಕೊಳ್ಳುತ್ತದೆ ಎಂಬುದು ನನ್ನ ಕೈಗೆ ತಿಳಿದ ಸಂಗತಿ. ಒಳಕ್ಕೆ ಬರುವ ಗಾಳಿಯಲ್ಲಿರುವ ದಪ್ಪ ಹುಡಿಯನ್ನು ಫಿಲ್ಟರ್ ತಲುಪುವ ಮೊದಲೇ ಚಿಮ್ಮಿಸಿಬಿಡುವ ವ್ಯವಸ್ಥೆ ಅದರಲ್ಲಿದೆ. ಒಣ ಅಕೇಶಿಯಾ ಕೊಯ್ಯುವ ಬೇಸಗೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಈಗಿನ 365 ಕೂಡ ಅದೇ 70.7 ಸಿಸಿಯದ್ದು, ಆದರೆ ಶಕ್ತಿ 3.6 ಕಿಲೋವಾಟ್ ಮಾತ್ರ. ತೂಕದಲ್ಲಿ ಹೇಳಿಕೊಳ್ಳುವಂತಹ ಉಳಿತಾಯವಿಲ್ಲದ ಕಾರಣ, ಕೈಯಲ್ಲಿ ಹಣವಿದ್ದರೆ 372ನ್ನೇ ಕೊಳ್ಳಿರಿ.

ಇನ್ನೊಂದು ಮಾತನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಗ್ಗದ ನಕಲು ಯಂತ್ರಗಳ ಮೇಲೆ 58 ಸಿಸಿ ಎಂದು ಚೀಟಿ ಅಂಟಿಸಿರುತ್ತಾರೆ. ಬೋರ್ ಮತ್ತು ಸ್ಟ್ರೋಕ್ ಎಷ್ಟೆಂದು ಕೇಳಿರಿ. ಬೋರ್ 45.2, ಸ್ಟ್ರೋಕ್ 34 ಎಂದಾದರೆ ಅದು ಲೆಕ್ಕಕ್ಕೆ 54.6 ಸಿಸಿ ಮಾತ್ರ. ಬೋರಿನ ವರ್ಗವನ್ನು 0.7854ರಿಂದ ಗುಣಿಸಿ, ಬಂದದ್ದನ್ನು ಸ್ಟ್ರೋಕಿನಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ನಿಜವಾದ ಸಿಸಿ ಸಿಗುತ್ತದೆ.

ಉತ್ತರ — ರಬ್ಬರ್ ತೋಟ, ಬಂದಡ್ಕ

ಬದಿಯಡ್ಕದವರು ಹೇಳಿದ್ದರಲ್ಲಿ ಬಾರಿನ ಉದ್ದದ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ ಮರ ಕೊಯ್ಯುವುದನ್ನೇ ವೃತ್ತಿಯಾಗಿ ಮಾಡಿಕೊಂಡವರ ಆಯ್ಕೆ ಕೃಷಿಕನಿಗೂ ಸರಿಹೊಂದುತ್ತದೆ ಎಂಬುದನ್ನು ನಾನು ಒಪ್ಪಲಾರೆ. ಪ್ರಶ್ನೆ ಕೇಳಿದವರು ಐವತ್ತು ದಾಟಿದವರು, ಕೆಲಸ ಇಳಿಜಾರಿನಲ್ಲಿ, ಅವರಲ್ಲಿರುವ ಮರಗಳಲ್ಲಿ ಬಹುಪಾಲು ರಬ್ಬರ್ ಮತ್ತು ಅಕೇಶಿಯಾ. ಇಂತಹವರಿಗೆ 60 ಸಿಸಿಯ ಗುಂಪೇ ಅತ್ಯುತ್ತಮ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ಟೀಲ್ ಎಂಎಸ್ 362 ತೆಗೆದುಕೊಳ್ಳಿರಿ. ಬೋರ್ 47, ಸ್ಟ್ರೋಕ್ 34, ಒಟ್ಟು 59 ಸಿಸಿ. ಶಕ್ತಿ 3.5 ಕಿಲೋವಾಟ್. ಅಂದರೆ ನಿಮ್ಮ 250ರ 2.3 ಕಿಲೋವಾಟಿಗಿಂತ ಒಂದೂವರೆ ಪಟ್ಟು, 70 ಸಿಸಿಯ 365ಕ್ಕೆ ಬಹುತೇಕ ಸಮ. ತೂಕ ಮಾತ್ರ ಐದೂವರೆ ಕಿಲೋದ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಸ್ಕ್‌ವರ್ನಾದಲ್ಲಿ ಇದಕ್ಕೆ ಜೋಡಿಯೆಂದರೆ 562 ಎಕ್ಸ್‌ಪಿ, 59.8 ಸಿಸಿ, ಅದೇ 3.5 ಕಿಲೋವಾಟ್. ಸಾಯಂಕಾಲದ ಹೊತ್ತಿಗೆ ಕೈ ಸೋತವನ ಹತ್ತಿರ ಇರುವ ದೊಡ್ಡ ಯಂತ್ರಕ್ಕಿಂತ ಅಪಾಯಕಾರಿಯಾದದ್ದು ತೋಟದಲ್ಲಿ ಬೇರೆ ಇಲ್ಲ. ತೋಳು ದಣಿದಾಗಲೇ ಬಾರಿನ ತುದಿಯ ಮೇಲರ್ಧ ಗೊತ್ತಿಲ್ಲದೆ ಇನ್ನೊಂದು ಗೆಲ್ಲಿಗೆ ತಾಗಿ ಯಂತ್ರ ಮುಖದ ಕಡೆಗೆ ಎಗರುವುದು. ಕಂಪನವೂ ಸಣ್ಣ ವಿಷಯವಲ್ಲ. ಯುರೋಪಿನಲ್ಲಿ ಎಂಟು ಗಂಟೆಯ ದುಡಿಮೆಗೆ ಕೈಗೆ ತಾಗುವ ಕಂಪನ ಸೆಕೆಂಡ್ ವರ್ಗಕ್ಕೆ 2.5 ಮೀಟರ್ ದಾಟಿದರೆ ಉದ್ಯೋಗದಾತನು ಕ್ರಮ ಕೈಗೊಳ್ಳಬೇಕು, 5 ಮೀಟರ್ ದಾಟಲೇಬಾರದು ಎಂಬ ನಿಯಮವಿದೆ. ಬೆರಳು ಜೋಮು ಹಿಡಿದು ಬಿಳಿಚುವ ಕಾಯಿಲೆ ಒಮ್ಮೆ ಬಲಿತರೆ ಪೂರ್ತಿ ಗುಣವಾಗುವುದು ಕಷ್ಟ.

ಆದರೆ ಈ ಯಂತ್ರಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. 562ರಲ್ಲಿಯೂ 362ರ ಒಂದು ಮಾದರಿಯಲ್ಲಿಯೂ ಕಾರ್ಬುರೇಟರನ್ನು ಎಲೆಕ್ಟ್ರಾನಿಕ್ ವ್ಯವಸ್ಥೆಯೇ ಹೊಂದಿಸುತ್ತದೆ. ಅದು ಕೆಟ್ಟರೆ ಸ್ಕ್ರೂ ಡ್ರೈವರಿನಿಂದ ಸರಿಯಾಗುವುದಿಲ್ಲ, ತಪಾಸಣೆಯ ಉಪಕರಣ ಇರುವ ಅಂಗಡಿಗೇ ಒಯ್ಯಬೇಕು. ಹತ್ತಿರದಲ್ಲಿ ಅಂತಹ ಅಂಗಡಿ ಇದೆಯೇ ಎಂದು ವಿಚಾರಿಸದೆ ಮುಂಗಡ ಕೊಡಬೇಡಿರಿ.

ಉತ್ತರ — ತಾಳವಾಡಿ ಗುಡ್ಡದವ

ನಮ್ಮದು ತಮಿಳುನಾಡಿನ ಗಡಿಯ ತಾಳವಾಡಿ. ಇಲ್ಲಿ ಹುಣಸೆ, ನೀಲಗಿರಿ, ಸಿಲ್ವರ್ ಓಕ್ ಹೆಚ್ಚು. ನನ್ನ ಬಳಿ ಇರುವುದು ಎಂಎಸ್ 382. ಮೇಲಿನ ಇಬ್ಬರೂ ಅದನ್ನು ಬದಿಗಿಟ್ಟದ್ದು ನ್ಯಾಯವಲ್ಲ ಎಂದು ಬರೆಯುತ್ತಿದ್ದೇನೆ. ಅದು ಹಳೆಯ ಕ್ರಮದ, ಕೈಯಿಂದಲೇ ಹೊಂದಿಸಬಹುದಾದ ಕಾರ್ಬುರೇಟರಿನ ಸರಳ ಯಂತ್ರ. 72 ಸಿಸಿ ಇದ್ದೂ ತೂಕ 6.2 ಕಿಲೋ. ಸಾಮಾನ್ಯ ಮೆಕ್ಯಾನಿಕ್ ಕೂಡ ಬಿಚ್ಚಿ ಜೋಡಿಸಬಲ್ಲ. ಪೇಟೆಯಿಂದ ದೂರ ಇರುವವನಿಗೆ ಇದಕ್ಕಿಂತ ದೊಡ್ಡ ಗುಣ ಯಾವುದು?

ಆದರೆ ನನಗೆ ಹೇಳಬೇಕಾದದ್ದು ಚೈನಿನ ಬಗ್ಗೆ. 7 ಹಲ್ಲಿನ ಸ್ಪ್ರಾಕೆಟ್ (ಚೈನನ್ನು ಓಡಿಸುವ ಹಲ್ಲಿನ ಚಕ್ರ), ಮೂರು ಎಂಟನೆಯ ಇಂಚು ಪಿಚ್‌ನ (ಚೈನಿನ ಸಾಲಾಗಿರುವ ಮೂರು ರಿವೆಟ್‌ಗಳ ನಡುವಿನ ದೂರದ ಅರ್ಧ) ಚೈನು ಇದ್ದರೆ ಎಂಜಿನಿನ ಒಂದು ಸುತ್ತಿಗೆ ಚೈನು 13 ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಸರಿಯುತ್ತದೆ. ನಿಮಿಷಕ್ಕೆ 10,000 ಸುತ್ತಿನಲ್ಲಿ ಅದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಆ ವೇಗದಲ್ಲಿ ಒಂದು ಕ್ಷಣ ಮಣ್ಣಿಗೆ ತಾಗಿದರೂ ಎಷ್ಟು ಹಲ್ಲುಗಳು ಕಲ್ಲಿಗೆ ಉಜ್ಜಿಹೋದವು ಎಂದು ನೀವೇ ಯೋಚಿಸಿ. ಮೊಂಡಾದ ಚೈನು ಹಾಕಿದ 90 ಸಿಸಿಯ ಯಂತ್ರಕ್ಕಿಂತ ಹರಿತವಾದ ಚೈನಿನ 60 ಸಿಸಿ ಬೇಗ ಕೊಯ್ಯುತ್ತದೆ. ಹೊರಗೆ ಬೀಳುವುದನ್ನು ನೋಡಿರಿ: ಚಕ್ಕೆ ಬಿದ್ದರೆ ಹರಿತ, ಹಿಟ್ಟಿನಂತಹ ಹುಡಿ ಬಿದ್ದರೆ ನಿಲ್ಲಿಸಿ ಅರ ಹಾಕಬೇಕು. ಈ ಪಿಚ್‌ನ ಚೈನಿಗೆ ಸ್ಟೀಲ್‌ನವರು 5.2 ಮಿ.ಮೀ. ಉರುಟು ಅರ ಹೇಳುತ್ತಾರೆ, ಕೋನ ಸಾಮಾನ್ಯವಾಗಿ 30 ಡಿಗ್ರಿ. ಹಲ್ಲಿನ ಮುಂದಿರುವ ಗುಬುಟು ಹಲ್ಲಿಗಿಂತ 0.65 ಮಿ.ಮೀ. ತಗ್ಗಿನಲ್ಲಿರಬೇಕು. ಹಲ್ಲು ಸವೆಯುತ್ತಾ ಬಂದಂತೆ ಗುಬುಟನ್ನೂ ತಗ್ಗಿಸದಿದ್ದರೆ ಎಷ್ಟು ಅರ ಹಾಕಿದರೂ ಚೈನು ಮರದ ಮೇಲೆ ಜಾರುತ್ತದೆ. ಬೇಗ ಕೊಯ್ಯಲೆಂದು ಅತಿಯಾಗಿ ತಗ್ಗಿಸಿದರೆ ಯಂತ್ರ ಎಗರುತ್ತದೆ.

ತೆಂಗಿನ ಬೊಡ್ಡೆ ಕೊಯ್ಯುವುದಿದ್ದರೆ, ಅಥವಾ ಕೆಸರು ಮೆತ್ತಿದ ಮರವಿದ್ದರೆ, ಚೂಪು ಮೂಲೆಯ ಹಲ್ಲಿನ ಚೈನು ಬೇಡ. ಮೂಲೆ ಉರುಟಾಗಿರುವ ಸೆಮಿ ಚಿಸೆಲ್ ಚೈನು ಸ್ವಲ್ಪ ನಿಧಾನವಾದರೂ ಹರಿತವನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರಿಂದ — ಮುಳ್ಳೇರಿಯದ ಕೃಷಿಕ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. 661ರ ಆಸೆಯನ್ನು ಬಿಟ್ಟೆ, ಬಾರ್ 20 ಇಂಚು ಎಂದು ನಿರ್ಧರಿಸಿದೆ. ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ತಪಾಸಣೆ ಮಾಡುವ ಅಂಗಡಿ ನಮಗೆ ಹತ್ತಿರದಲ್ಲಿಲ್ಲದ ಕಾರಣ 382 ಮತ್ತು 372 ಇವೆರಡರ ನಡುವೆ ಮನಸ್ಸು ತೂಗುತ್ತಿದೆ. ಇನ್ನೆರಡು ಸಂದೇಹಗಳಿವೆ. ಬಿದ್ದಿರುವ ಒಂದು ಹಳೆಯ ಹಲಸಿನಿಂದ ಮನೆಯ ಬಾಗಿಲಿಗೆ ಹಲಗೆ ಮಾಡಿಸಬೇಕಾಗಿದೆ, ಅದನ್ನು ಇದೇ ಯಂತ್ರದಿಂದ ಸೀಳಬಹುದೇ? ಮತ್ತು ಈಗಿನ ಎಥನಾಲ್ ಬೆರೆತ ಪೆಟ್ರೋಲಿನಿಂದ ತೊಂದರೆ ಇದೆಯೇ?

ಉತ್ತರ — ಮರಕೆಲಸದವ, ಬದಿಯಡ್ಕ

ಹಲಗೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ಮರದ ಅಡ್ಡಕ್ಕೆ ಕೊಯ್ಯುವುದು ಬೇರೆ, ಉದ್ದಕ್ಕೆ ಸೀಳುವುದು ಬೇರೆ. ಸೀಳುವಾಗ ಯಂತ್ರ ನಿಮಿಷಗಟ್ಟಲೆ ಪೂರ್ತಿ ವೇಗದಲ್ಲಿ, ಪೂರ್ತಿ ಹೊರೆಯಲ್ಲಿ ಓಡಬೇಕಾಗುತ್ತದೆ. ಅದಕ್ಕೆ ಸುಮಾರು 10 ಡಿಗ್ರಿ ಕೋನದಲ್ಲಿ ಅರ ಹಾಕಿದ ಬೇರೆ ಚೈನು, ಹಳಿಯಂತೆ ದಾರಿ ತೋರಿಸುವ ಚೌಕಟ್ಟು, ಸಾಧ್ಯವಾದರೆ 90 ಸಿಸಿಯ ಯಂತ್ರ ಬೇಕು. 70 ಸಿಸಿಯಲ್ಲಿ ಒಂದೆರಡು ಸಣ್ಣ ಹಲಗೆ ಸೀಳಬಹುದು, ಆದರೆ ಇಷ್ಟು ಹಣ ಕೊಟ್ಟ ಹೊಸ ಯಂತ್ರದ ಪಿಸ್ಟನನ್ನು ಬೇಯಿಸಿಕೊಳ್ಳುವ ಬದಲು ಹಲಸನ್ನು ಎಂಟು ಅಡಿಯ ದಿಮ್ಮಿಗಳಾಗಿ ತುಂಡರಿಸಿ ಸಾ ಮಿಲ್ಲಿಗೆ ಕಳುಹಿಸಿರಿ. ಅಲ್ಲಿ ಹಲಗೆ ಸಮನಾಗಿ ಬರುತ್ತದೆ, ಮರವೂ ಹುಡಿಯಾಗಿ ವ್ಯರ್ಥವಾಗುವುದಿಲ್ಲ. ಬ್ಯಾಂಡ್ ಗರಗಸದ ಅಲಗು ಚೈನಿಗಿಂತ ಎಷ್ಟೋ ತೆಳ್ಳಗಿರುತ್ತದೆ.

ಪೆಟ್ರೋಲಿನ ವಿಷಯ ನಿಜಕ್ಕೂ ಮುಖ್ಯ. 20 ಶೇಕಡಾ ಎಥನಾಲ್ ಇರುವ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಕಾರ್ಬುರೇಟರಿನ ರಬ್ಬರ್ ಪೊರೆಗಳನ್ನು ಗಡುಸಾಗಿಸುತ್ತದೆ. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮೂಲೆಯಲ್ಲಿ ಕುಳಿತ ಯಂತ್ರ ಮತ್ತೆ ಚಾಲೂ ಆಗದಿರಲು ಬಹುಸಲ ಇದೇ ಕಾರಣ. ಒಂದು ಲೀಟರಿಗೆ 20 ಮಿಲಿಲೀಟರಿನಂತೆ ಒಳ್ಳೆಯ ಟೂ ಸ್ಟ್ರೋಕ್ ಎಣ್ಣೆಯನ್ನು ಬೆರೆಸಿರಿ, ಬೇಕಾದಷ್ಟನ್ನೇ ಬೆರೆಸಿರಿ. ಕೆಲಸ ಮುಗಿಸಿ ಇಡುವ ಮೊದಲು ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿರಿ. ಬಾರಿಗೆ ಬೈಕಿನಿಂದ ತೆಗೆದ ಕರಿ ಎಣ್ಣೆ ಹಾಕುವ ಅಭ್ಯಾಸ ನಮ್ಮ ಕಡೆ ಬಹಳವಾಗಿದೆ. ಅದರಲ್ಲಿರುವ ಲೋಹದ ಹುಡಿ ಎಣ್ಣೆಯ ಪಂಪನ್ನೂ ಬಾರನ್ನೂ ತಿನ್ನುತ್ತದೆ, ನಿಮ್ಮ ಮೈಗೂ ತೋಟದ ಮಣ್ಣಿಗೂ ಸಿಡಿಯುತ್ತದೆ. ದಯವಿಟ್ಟು ಹಾಕಬೇಡಿರಿ.

382 ಮತ್ತು 372 ನಡುವೆ ನನ್ನ ಮತ ಈಗಲೂ 372ಕ್ಕೇ. ಆದರೆ ಮುಳ್ಳೇರಿಯಕ್ಕೆ ಹತ್ತಿರದ ಅಂಗಡಿಯಲ್ಲಿ ಕ್ಲಚ್, ಸ್ಪ್ರಾಕೆಟ್, ಸ್ಟಾರ್ಟರ್ ಹಗ್ಗ, ಕಾರ್ಬುರೇಟರ್ ಕಿಟ್ ಇವು ನಾಲ್ಕೂ 382ಕ್ಕೆ ಮಾತ್ರ ಸಿಗುತ್ತವೆ ಎಂದಾದರೆ ತಾಳವಾಡಿಯ ಅಣ್ಣನ ಮಾತನ್ನೇ ಕೇಳಿರಿ. ಯಂತ್ರದ ಜೊತೆಗೆ ಕಾಲಿನ ರಕ್ಷಣೆಯ ಚ್ಯಾಪ್ಸ್, ಮುಖದ ಜಾಲರಿ ಮತ್ತು ಕಿವಿಮುಚ್ಚಳ ಇರುವ ಹೆಲ್ಮೆಟ್ ಇವನ್ನೂ ಅದೇ ದಿನ ಕೊಳ್ಳಿರಿ. ಈ ಗಾತ್ರದ ಯಂತ್ರಗಳ ಸದ್ದು ಕಿವಿಯ ಬಳಿ 100 ಡೆಸಿಬೆಲ್ ದಾಟುತ್ತದೆ. ಚ್ಯಾಪ್ಸಿನ ಒಳಗಿರುವ ನೂಲಿನ ಪದರಗಳು ಚೈನು ತಾಗಿದ ಕೂಡಲೇ ಹೊರಬಂದು ಸ್ಪ್ರಾಕೆಟಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ಸೆಕೆಯಾಗುತ್ತದೆ ಎಂದು ಲುಂಗಿಯಲ್ಲೇ ಗುಡ್ಡೆ ಹತ್ತಬೇಡಿರಿ.