ಶಿಬಿರದ ಹುಡುಗರು ‘ನಮ್ಮನ್ನು ಕೂಲಿಗೆ ಕರ್ಕೊಂಡು ಬಂದಿದ್ದೀರಾ?’ ಅಂದರೆ ಏನು ಹೇಳೋದು?

ಕೆಂಪುಮಣ್ಣು:
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಹೈಸ್ಕೂಲ್ ವಿಜ್ಞಾನ ಟೀಚರ್. ಏಪ್ರಿಲ್ ಕೊನೆಯಲ್ಲಿ ಶಿರಸಿ ಹತ್ತಿರದ ಒಂದು ಹಳ್ಳಿಯಲ್ಲಿ ಹತ್ತು ದಿನದ ಬೇಸಿಗೆ ಶಿಬಿರ ಇದೆ, ಮಕ್ಕಳನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಒಟ್ಟು 18 ಮಕ್ಕಳು, 14ರಿಂದ 16 ವರ್ಷದವರು. 11 ಜನ ಬೆಂಗಳೂರಿನವರು, 7 ಜನ ಅದೇ ಊರಿನ ಹೈಸ್ಕೂಲಿನವರು. ಬೆಳಿಗ್ಗೆ ಒಬ್ಬರ ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಗುಡ್ಡ) ಲಂಟಾನ ಕಳೆ ಕೀಳೋದು, ಮಳೆನೀರು ಇಂಗಲು ಇಂಗುಗುಂಡಿ ತೋಡೋದು. ಸಂಜೆ ಹಕ್ಕಿ, ಮರ, ಕೀಟ ನೋಡೋದು.

ಹೋದ ವರ್ಷ ಇನ್ನೊಂದು ಶಿಬಿರಕ್ಕೆ ಸಹಾಯಕಿಯಾಗಿ ಹೋಗಿದ್ದೆ, ಹೆಸರು ಬೇಡ. ಮೂರನೇ ದಿನ ಒಬ್ಬ ಹುಡುಗ ಗುದ್ದಲಿ ಬಿಸಾಕಿ ‘ಮಿಸ್, ನಮ್ಮಪ್ಪ ದುಡ್ಡೂ ಕೊಟ್ಟು ನಮ್ಮನ್ನ ಕೂಲಿಗೂ ಕಳಿಸಿದ್ದಾರಾ?’ ಅಂದ. ಎಲ್ಲರೂ ನಕ್ಕರು. ನಾನು ಅಲ್ಲೇ ನಿಂತು ಅಂತರ್ಜಲದ ಬಗ್ಗೆ ಹತ್ತು ನಿಮಿಷ ಕೊರೆದೆ. ಅಲ್ಲಿಗೆ ಮುಗೀತು, ಆಮೇಲೆ ಯಾರೂ ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲ ದಿನವೇ ಫೋನ್ ಕಿತ್ತುಕೊಂಡಿದ್ದೆವು, ಇಬ್ಬರ ದಿಂಬಿನ ಕವರಿನಲ್ಲಿ ಎರಡನೇ ಫೋನ್ ಸಿಕ್ಕಿತು!

ಇದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಬೇರೆ. ತೋಡುವ ಕೆಲಸವೆಲ್ಲ ಊರಿನ ಮಕ್ಕಳು ಮಾಡಿ ಮುಗಿಸಿದರು, ಪೇಟೆಯವರು ನೆರಳಲ್ಲಿ ಕೂತರು. ಸಂಜೆ ಕ್ವಿಜ್ ಇಟ್ಟರೆ ಪೇಟೆಯವರೇ ಉತ್ತರ ಹೇಳಿದರು, ಊರಿನ ಮಕ್ಕಳು ತಲೆ ತಗ್ಗಿಸಿ ಕೂತರು. ಈ ಸಲ ಹಾಗಾಗಬಾರದು. ಅನುಭವ ಇದ್ದವರು ದಯವಿಟ್ಟು ಹೇಳಿ.

ಬೈನೆಮರ:
ಮೇಡಂ, ಆ ಹುಡುಗ ಕೇಳಿದ್ದು ಸರಿಯಾಗೇ ಇದೆ. ಬೇರೆಯವರು ಸುಣ್ಣದಲ್ಲಿ ಗೆರೆ ಹಾಕಿಟ್ಟು ‘ಇಲ್ಲಿ ತೋಡು’ ಅಂದರೆ ಅದು ಕೂಲಿಯೇ. ಸಂಬಳ ಇಲ್ಲ ಅಷ್ಟೇ.

ನಾನು ಹನ್ನೆರಡು ಬೇಸಿಗೆಯಿಂದ ಈ ಕೆಲಸ ಮಾಡುತ್ತಿದ್ದೇನೆ. ಈಗ ಮೊದಲ ದಿನ ಗುದ್ದಲಿ ಕೈಗೆ ಕೊಡೋದೇ ಇಲ್ಲ. ಮೂರು ಬಿದಿರು ಕೋಲು, ಒಂದು ಹಗ್ಗ, ಒಂದು ಕಲ್ಲು ಕೊಡುತ್ತೇನೆ. ಇಂಗ್ಲಿಷಿನ ‘A’ ಅಕ್ಷರದ ಹಾಗೆ ಕಟ್ಟಿ, ತುದಿಯಿಂದ ಕಲ್ಲು ಇಳಿಬಿಡಬೇಕು. ಎರಡು ಕಾಲು ಊರಿ, ಹಗ್ಗ ಅಡ್ಡಕೋಲನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಗುರುತು ಹಾಕಬೇಕು. ಆಮೇಲೆ ಕಾಲು ಅದಲುಬದಲು ಮಾಡಿ ಅದೇ ಜಾಗಗಳಲ್ಲಿ ಊರಿ ಇನ್ನೊಂದು ಗುರುತು. ಎರಡರ ನಡುಮಧ್ಯವೇ ಮಟ್ಟ, ಹಗ್ಗ ಅಲ್ಲಿಗೆ ಬಂದರೆ ಎರಡು ಕಾಲೂ ಒಂದೇ ಎತ್ತರದಲ್ಲಿವೆ ಅಂತ. ಇಷ್ಟನ್ನು ತೋರಿಸಿ ನೀವು ಸುಮ್ನೆ ಕೂತುಬಿಡಿ. ಅವರೇ ಇಳಿಜಾರಿನಲ್ಲಿ ಹೆಜ್ಜೆ ಹೆಜ್ಜೆಗೂ ಕಾಲು ಊರುತ್ತಾ ಗೂಟ ಹೊಡೆಯುತ್ತಾ ಹೋಗುತ್ತಾರೆ. ಗೆರೆ ಸೊಟ್ಟಸೊಟ್ಟ ಬರುತ್ತದೆ. ‘ತಪ್ಪಾಯ್ತು ಸಾರ್’ ಅಂತ ಓಡಿ ಬರುತ್ತಾರೆ. ಬೆಟ್ಟವೇ ಸೊಟ್ಟ ಇದೆ ಮಾರಾಯಾ, ಗೆರೆ ನೆಟ್ಟಗೆ ಬಂದರೇ ತಪ್ಪು! ಅದು ಹೊಳೆದ ಹೊತ್ತಿನ ಮುಖ ನೋಡಬೇಕು ನೀವು. ತೋಡಿದ ಮಣ್ಣು ಕೆಳಬದಿಗೆ ಏರಿ ಹಾಕಬೇಕು ಅನ್ನೋದನ್ನೂ ಅವರೇ ಜಗಳವಾಡಿ ಕಂಡುಕೊಳ್ಳಲಿ.

ಎರಡು ವರ್ಷದ ಹಿಂದೆ ಏಳನೇ ದಿನ ಸಂಜೆ ನಾಲ್ಕಕ್ಕೆ ಗುಡುಗು ಮಳೆ ಬಂತು. ಮಿಂಚು ನಿಲ್ಲುವ ತನಕ ಬಾಗಿಲಲ್ಲಿ ಅಡ್ಡ ನಿಂತು ಹಿಡಿದಿಟ್ಟೆ. ಬಿಟ್ಟ ಕೂಡಲೇ ಎಲ್ಲರೂ ಚಪ್ಪಲಿಯೂ ಇಲ್ಲದೆ ಬೆಟ್ಟಕ್ಕೆ ಓಡಿದರು. ಒಂದು ಗುಂಪಿನ ಗುಂಡಿ ತುಂಬಿ ನಿಂತಿತ್ತು, ಕೆಸರುನೀರು, ಮೇಲೆ ಎಲೆ ತೇಲುತ್ತಿತ್ತು. ಇನ್ನೊಂದು ಗುಂಪಿನದು ಒಂದು ತುದಿಯಲ್ಲಿ ಒಡೆದು ಹರಿದು ಹೋಗಿತ್ತು, ಕಲ್ಲು ಗಟ್ಟಿ ಅಂತ ಅಲ್ಲಿ ಮೇಲೆ ಮೇಲೆ ಕೆರೆದು ಬಿಟ್ಟಿದ್ದರು. ಮಾರನೇ ದಿನ ಚಹಾಕ್ಕೂ ಮೊದಲೇ ಪಿಕಾಸಿ ಹಿಡಿದು ಹೊರಟವರು ಅವರೇ.

ಲಂಟಾನಕ್ಕೂ ಇದೇ ಮಾತು. ಇಡೀ ಗುಡ್ಡ ಬೋಳಿಸುವ ಗುರಿ ಇಡಬೇಡಿ. ಮೂವರಿಗೆ ಹತ್ತಡಿ ಹತ್ತಡಿ ಜಾಗ ಸಾಕು, ಅದು ಅವರದು. ಕತ್ತಿಯಲ್ಲಿ ಮೇಲಿಂದ ಕಡಿದರೆ ಒಂದಕ್ಕೆ ನಾಲ್ಕು ಚಿಗುರುತ್ತದೆ. ಮಣ್ಣಿನೊಳಗೆ ಎರಡು ಮೂರು ಇಂಚು ಕೆಳಗೆ ತಾಯಿಬೇರು ಕತ್ತರಿಸಿ, ಬುಡ ಎತ್ತಿ ತಲೆಕೆಳಗಾಗಿ ಒಣಗಲು ಇಡಬೇಕು. ಕೈ ಹಾಕುವ ಮುಂಚೆ ಪೊದೆಯೊಳಗೆ ಪಿಕಳಾರ ಹಕ್ಕಿಯ ಗೂಡು ಇದೆಯಾ ನೋಡಿ, ಇದು ಅವು ಮೊಟ್ಟೆ ಇಡುವ ಕಾಲ. ಇದ್ದರೆ ಆ ಪೊದೆ ಬಿಟ್ಟುಬಿಡಿ. ‘ಚಿಟ್ಟೆ ಬರುತ್ತಲ್ಲ, ಯಾಕೆ ಕೀಳಬೇಕು?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಉತ್ತರ ಕೊಡೋ ಅವಸರ ಬೇಡ, ಪೊದೆಯ ಅಡಿಯಲ್ಲಿ ಎಷ್ಟು ಬೇರೆ ಸಸಿ ಇವೆ ಎಣಿಸಲು ಹೇಳಿ.

ಸಿದ್ದಾಪುರದ ಅಕ್ಕ:
ನಾನು ಆಶಾ ಕಾರ್ಯಕರ್ತೆ. ಗುಂಡಿ, ಗೆರೆ ಎಲ್ಲ ಆಮೇಲೆ, ಮೊದಲು ಇದನ್ನು ಓದಿ. ಏಪ್ರಿಲ್ ಅಂದರೆ ನಮ್ಮ ಕಡೆ ಮಂಗನ ಕಾಯಿಲೆಯ ಕಾಲ ಇನ್ನೂ ಮುಗಿದಿರೋದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ, ಈಗಲೂ ಬರುತ್ತಲೇ ಇದೆ. ಹರಡೋದು ಉಣುಗಿನಿಂದ (ದನದ ಮೈಗೆ ಹತ್ತುವ ಉಣ್ಣೆ). ಸಾಸಿವೆಗಿಂತ ಸಣ್ಣ ಮರಿ ಉಣುಗು, ಮೈಮೇಲೆ ಹತ್ತಿದ್ದೇ ಗೊತ್ತಾಗೋದಿಲ್ಲ.

ಜಾಗ ಗಟ್ಟಿ ಮಾಡುವ ಮುಂಚೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಈ ವರ್ಷ ಸುತ್ತಮುತ್ತ ಕೇಸ್ ಇದೆಯಾ, ಮಂಗ ಸತ್ತಿದೆಯಾ ಕೇಳಿ. ಇದ್ದರೆ ಬೆಟ್ಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ. ಇಲ್ಲದಿದ್ದರೂ ತುಂಬು ತೋಳಿನ ಅಂಗಿ, ಪ್ಯಾಂಟಿನ ಮೇಲೆ ಎಳೆದ ಸಾಕ್ಸ್ ಇರಲಿ. ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ನಮ್ಮಲ್ಲಿ ಕೊಡುತ್ತೇವೆ, ಕೇಳಿ ತೆಗೆದುಕೊಳ್ಳಿ. ದರಕಿನ (ಉದುರಿದ ಒಣ ಎಲೆ) ಮೇಲೆ ಕೂರಿಸಿ ‘ಕಣ್ಣು ಮುಚ್ಚಿ ಕಾಡಿನ ಸದ್ದು ಕೇಳಿ’ ಅಂತೆಲ್ಲ ಮಾಡಿಸುತ್ತಾರಲ್ಲ, ಅದು ಬೇಡವೇ ಬೇಡ. ವಾಪಸ್ ಬಂದವರು ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಲಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ.

ಇನ್ನೊಂದು. ಮನೆಗೆ ಹೋಗಿ ಎರಡು ವಾರದೊಳಗೆ ಜ್ವರ ಬಂದರೆ ‘ಮಲೆನಾಡಿಗೆ ಹೋಗಿದ್ದೆವು’ ಅಂತ ಡಾಕ್ಟರಿಗೆ ಹೇಳಬೇಕು ಅಂತ ಅಪ್ಪ ಅಮ್ಮಂದಿರಿಗೆ ಬರೆದು ಕೊಡಿ. ಬೆಂಗಳೂರಿನಲ್ಲಿ ಅವರಿಗೆ ಅದು ತಟ್ಟನೆ ಹೊಳೆಯೋದಿಲ್ಲ.

ಕವಲುಸೊಪ್ಪು:
ನಾನು ಆ ತಲೆ ತಗ್ಗಿಸಿ ಕೂತವರ ಪೈಕಿ ಒಬ್ಬ 😀 ನಿಮ್ಮ ಶಿಬಿರ ಅಲ್ಲ, ಅಂಥದ್ದೇ ಇನ್ನೊಂದು. ಒಂಬತ್ತನೇ ಕ್ಲಾಸು ಮುಗಿಸಿದ್ದೆ. ಈಗ ಧಾರವಾಡದಲ್ಲಿ ಬಿಎಸ್ಸಿ ಮಾಡುತ್ತಿದ್ದೇನೆ.

ಕ್ವಿಜ್ ಬಿಡಿ ಅಕ್ಕ. ಪುಸ್ತಕದ ಪ್ರಶ್ನೆ ಕೇಳಿದರೆ ಗೆಲ್ಲೋದು ಪುಸ್ತಕದವರೇ. ನಮ್ಮ ಶಿಬಿರದ ಮೇಡಂ ನಾಲ್ಕನೇ ದಿನ ಒಂದು ಮರದ ಹತ್ತಿರ ನಿಂತು ‘ಇದು ನನಗೆ ಗೊತ್ತಿಲ್ಲ, ಯಾರಿಗೆ ಗೊತ್ತು?’ ಅಂದರು. ನಾನು ಮೆಲ್ಲಗೆ ‘ಕವಲು’ ಅಂದೆ. ‘ಇದರದ್ದೇನು ಉಪಯೋಗ?’ ಅಂದರು. ಎಲೆ ಕೊಟ್ಟಿಗೆಗೆ ಹಾಸುತ್ತೇವೆ, ಅದು ಗೊಬ್ಬರ ಆಗಿ ತೋಟಕ್ಕೆ ಹೋಗುತ್ತೆ, ನಮ್ಮಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಅಂತ ಹಳೇ ಲೆಕ್ಕ ಇದೆ, ನೆಲ ಸರ್ಕಾರದ್ದು, ಸೊಪ್ಪು ನಮ್ಮದು ಅಂತೆಲ್ಲ ಹೇಳಿದೆ. ಅವರು ಅಷ್ಟನ್ನೂ ನಿಂತಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ಕಾಗುಣಿತ ಸರಿಯಾ ಅಂತ ನನಗೇ ತೋರಿಸಿದರು. ಅವತ್ತಿಂದ ಪೇಟೆ ಹುಡುಗರು ನನ್ನ ಬೆನ್ನು ಬಿಡಲಿಲ್ಲ. ‘ನೆಲ ನಿಮ್ಮದಲ್ಲ ಅಂದ್ಮೇಲೆ ಬೆಟ್ಟ ಬೋಳಾದರೆ ಯಾರು ಕೇಳ್ತಾರೆ?’ ಅಂತ ಒಬ್ಬಳು ಕೇಳಿದಳು. ನನಗೂ ಗೊತ್ತಿರಲಿಲ್ಲ, ಮನೆಗೆ ಹೋಗಿ ಅಜ್ಜನನ್ನು ಕೇಳಿದೆ.

ಅಪ್ಪಿಕೋ (ಮರ ಉಳಿಸುವ ಚಳವಳಿ) ಬಗ್ಗೆ ಸ್ಲೈಡ್ ತೋರಿಸೋದಿದ್ದರೆ ಅದೂ ಬೇಡ. 1983ರಲ್ಲಿ ಸಾಲ್ಕಣಿ ಕಡೆಯವರು ಕಳಸೆ ಕಾಡಿನಲ್ಲಿ ಮರ ಅಪ್ಪಿ ನಿಂತಾಗ ಹುಡುಗರಾಗಿದ್ದವರು ಈಗ ಅಜ್ಜಂದಿರು. ಯಾರಾದರೂ ಒಬ್ಬರು ಸಿಕ್ಕರೆ ಜಗಲಿಯಲ್ಲಿ ಕೂರಿಸಿ ಮಾತಾಡಿಸಿ, ಪ್ರಶ್ನೆ ಮಕ್ಕಳೇ ಬರೆದುಕೊಂಡು ಹೋಗಲಿ.

ಫೋನು ಬೆಳಿಗ್ಗೆ ಒಂದು ಗಂಟೆ ಕೊಡಿ. ಮರ್ಲಿನ್ ಆ್ಯಪ್ ಹಕ್ಕಿ ಕೂಗು ಕೇಳಿ ಹೆಸರು ಹೇಳುತ್ತೆ, ಕೆಲವು ಸಲ ತಪ್ಪು ಹೇಳುತ್ತೆ, ಅದನ್ನು ಹಿಡಿಯೋದೇ ಮಜಾ. ಬೆಟ್ಟದಲ್ಲಿ ನೆಟ್‌ವರ್ಕ್ ಹೇಗೂ ಇರಲ್ಲ, ಹೋಗುವ ಮುಂಚೆಯೇ ಡೌನ್‌ಲೋಡ್ ಮಾಡಿಸಿ.

ಅಡುಗೆಮನೆ ಕಿಟಕಿ:
ನನ್ನ ಮಗಳು ಇಂಥ ಶಿಬಿರಕ್ಕೆ ಹೋಗಿ ಬಂದವಳು. ಯಾರೂ ಬರೆಯದ ವಿಷಯ ನಾನು ಬರೆಯುತ್ತೇನೆ. ಬೆಟ್ಟದ ಹತ್ತಿರ ಶೌಚಾಲಯ ಎಲ್ಲಿ? ಪ್ಯಾಡ್ ಎಲ್ಲಿ ಹಾಕಬೇಕು? ಇದನ್ನು ಮೊದಲ ದಿನವೇ ಒಬ್ಬ ಹೆಂಗಸು ಹುಡುಗಿಯರನ್ನು ಪಕ್ಕಕ್ಕೆ ಕರೆದು ಹೇಳಬೇಕು. ನನ್ನ ಮಗಳು ಮೂರು ದಿನ ನೀರೇ ಸರಿಯಾಗಿ ಕುಡಿಯದೆ ತಲೆನೋವು ಬರಿಸಿಕೊಂಡಳು, ಅಲ್ಲಿದ್ದವರು ಬಿಸಿಲಿಗೆ ಅಂದುಕೊಂಡರು. ಮತ್ತೆ, ದೊಡ್ಡವರು ಯಾರೇ ಇರಲಿ, ಒಂದು ಮಗುವಿನ ಜೊತೆ ಒಬ್ಬರೇ ಹೋಗೋದು ಬೇಡ, ಇಬ್ಬರಿರಲಿ.

ಸೀಡ್‌ಬಾಲ್ (ಬೀಜ ಇಟ್ಟ ಮಣ್ಣಿನುಂಡೆ) ಕಟ್ಟಿ ಎಸೆದು ಫೋಟೋ ತೆಗೆಯೋದನ್ನೂ ದಯವಿಟ್ಟು ಕೈಬಿಡಿ. ಹಲಸು, ನೇರಳೆ ಬೀಜವನ್ನೆಲ್ಲ ಒಣಗಿಸಿ ಉಂಡೆ ಕಟ್ಟಿಸಿದ್ದರು. ಒಣಗಿದ ಮೇಲೆ ಅವು ಹುಟ್ಟುತ್ತವಾ? ಹಳ್ಳಿಯ ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದರು.

ಕೆಂಪುಮಣ್ಣು:
ಆರೋಗ್ಯ ಕೇಂದ್ರಕ್ಕೆ ಇವತ್ತೇ ಫೋನ್ ಮಾಡಿದೆ ಅಕ್ಕ, ತುಂಬಾ ಥ್ಯಾಂಕ್ಸ್. ಈ ವರ್ಷ ಆ ಊರಿನಲ್ಲಿ ಇಲ್ಲ, ಪಕ್ಕದ ಪಂಚಾಯ್ತಿಯಲ್ಲಿ ಇದೆ ಅಂದರು. ಹಾಗಾಗಿ ಬೆಟ್ಟದ ಕೆಲಸ ಬಿಟ್ಟು ಶಾಲೆಯ ಹಿಂದಿನ ಬಯಲಿನಲ್ಲೇ ಗುಂಡಿ ತೋಡೋಣ ಅಂತ ಆಯೋಜಕರನ್ನು ಒಪ್ಪಿಸಿದೆ. ಅಲ್ಲೂ ಇಳಿಜಾರಿದೆ. ಲಂಟಾನ ಬೇಲಿ ಬದಿಯಲ್ಲಿ ಬೇಕಾದಷ್ಟಿದೆ. ಕಣ್ಣುಮುಚ್ಚಿ ಕೂರಿಸುವ ಆಟ ನನ್ನ ಪಟ್ಟಿಯಲ್ಲೇ ಇತ್ತು, ತೆಗೆದೆ. ಕ್ವಿಜ್ಜೂ ತೆಗೆದೆ. ಸೀಡ್‌ಬಾಲ್ ಇತ್ತು, ನಾಚಿಕೆಯಿಂದ ಅದನ್ನೂ ತೆಗೆದೆ!

ಬೈನೆಮರ ಅವರೇ, ಕೋಲು ಎಷ್ಟು ಉದ್ದ ಇರಬೇಕು? ನಿನ್ನೆ ಟೆರೇಸಿನಲ್ಲಿ ಕಟ್ಟಿ ನೋಡಿದೆ, ಗಾಳಿಗೆ ಕಲ್ಲು ತೂಗಾಡುತ್ತಲೇ ಇತ್ತು.

ಬೈನೆಮರ:
ಕಾಲು ಎರಡೂ ಆರಡಿ, ಸಮ ಇರಲಿ. ಅಡ್ಡಕೋಲು ನಾಲ್ಕಡಿ ಸಾಕು. ಕಲ್ಲಿನ ಬದಲು ನೀರು ತುಂಬಿದ ಅರ್ಧ ಲೀಟರ್ ಬಾಟಲಿ ಕಟ್ಟಿ, ಭಾರಕ್ಕೆ ಬೇಗ ನಿಲ್ಲುತ್ತದೆ. ಕೈಗೆ ಗುಳ್ಳೆ ಬಂದವರಿಗೆ ಹಚ್ಚಲು ಬ್ಯಾಂಡೇಜು ಜಾಸ್ತಿ ಇಟ್ಟುಕೊಳ್ಳಿ, ನಿಮಗೂ ಸೇರಿಸಿ.