ಹಳೆಯ ಇಳಕಲ್ ಸೀರೆಗಳನ್ನು ಪರದೆ, ದಿಂಬು, ಕೌದಿಗೆ ಕತ್ತರಿಸಬಹುದೇ?

ನವನಗರದ ಟೀಚರ್ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನವನಗರದಲ್ಲಿ ನಮ್ಮದು ಬಾಡಿಗೆ ಮನೆ. ಒಂದು ಪಡಸಾಲೆ, ಎರಡು ಕೋಣೆ, ಬಿಳಿ ಗೋಡೆ, ಬಿಳಿ ಬಲ್ಬು. ಶಾಲೆಯಿಂದ ಬಂದು ಬೀಗ ತೆಗೆದರೆ ಯಾವುದೋ ಕಚೇರಿಗೆ ಕಾಲಿಟ್ಟಂತೆ ಅನಿಸುತ್ತದೆ. ಮಾಲೀಕರು ಒಳ್ಳೆಯವರೇ, ಆದರೆ ಗೋಡೆಗೆ ಮೊಳೆ ಹೊಡೆಯಬಾರದು ಎಂದು ಮೊದಲ ದಿನವೇ ಹೇಳಿದ್ದಾರೆ. ಪೇಟೆಯಲ್ಲಿ ಪರದೆ ನೋಡಿ ಬಂದೆ. ಎಲ್ಲ ಮನೆಗಳಲ್ಲೂ ಇರುವಂಥ ಬೂದು, ಕಂದು ಪಾಲಿಯೆಸ್ಟರ್. ಮನಸ್ಸಿಗೆ ಬರಲಿಲ್ಲ.

ಕಳೆದ ತಿಂಗಳು ಹುನಗುಂದದ ಹತ್ತಿರದ ಊರಿಗೆ ಹೋದಾಗ ಅತ್ತೆಯವರು ತಮ್ಮ ಟ್ರಂಕು ತೆರೆದು, "ನನಗೆ ಇನ್ನು ಇವನ್ನು ಉಡುವುದಾಗುವುದಿಲ್ಲ, ನಿನಗೆ ತಿಳಿದದ್ದು ಮಾಡು" ಎಂದು ಸೀರೆಗಳ ಗಂಟನ್ನೇ ಕೈಗಿತ್ತರು. ದಾಳಿಂಬೆ ಕೆಂಪು, ಗಿಳಿಹಸಿರು, ನವಿಲು ಬಣ್ಣದ ಇಳಕಲ್ ಸೀರೆಗಳು, ಕಸೂತಿ ಹಾಕಿದ ಒಂದು ಚಂದ್ರಕಾಳಿ (ಕಪ್ಪು ಸೀರೆ), ಜೊತೆಗೆ ಉಡಿ ತುಂಬಿದಾಗ ಬಂದ ಖಣಗಳ (ರವಿಕೆ ಬಟ್ಟೆಗಳ) ಒಂದು ಚೀಲ. ಕೆಲವು ಸೀರೆಗಳು ಮಡಿಕೆಯಲ್ಲಿ ಸೀಳಿವೆ, ಕೆಲವು ಇನ್ನೂ ಹೊಸದರಂತಿವೆ.

ಇವನ್ನು ಕತ್ತರಿಸಿ ಪರದೆ, ದಿಂಬಿನ ಚೀಲ ಮಾಡುವುದು ಸರಿಯೇ? ಪಡಸಾಲೆಯ ಕಿಟಕಿ ಪಶ್ಚಿಮಕ್ಕಿದೆ, ಏಪ್ರಿಲ್ ಬಿಸಿಲು ನೇರವಾಗಿ ಒಳಗೆ ಬರುತ್ತದೆ. ಮೊಳೆ ಇಲ್ಲದೆ ಏನನ್ನಾದರೂ ತೂಗುಹಾಕುವುದು ಹೇಗೆ? ಶಾಲೆಗೆ ಹಾಕಿಕೊಂಡು ಹೋಗುವಂಥದ್ದು ಏನಾದರೂ ಇದರಲ್ಲಿ ಆದೀತೇ? ನನಗೆ ಹೊಲಿಗೆ ಯಂತ್ರದಲ್ಲಿ ನೇರ ಹೊಲಿಗೆ ಮಾತ್ರ ಬರುತ್ತದೆ.

ವಿಜಯಪುರದ ನಿವೃತ್ತ ಗ್ರಂಥಪಾಲಕಿ

ಕತ್ತರಿಯನ್ನು ಕೆಳಗಿಡಿ, ತಂಗೀ. ಪವರ್‌ಲೂಮ್‌ನಲ್ಲಿ ಇಳಿಸಿದ ಸೀರೆಯೂ ಇಂದು ಇಳಕಲ್ ಹೆಸರಿನಲ್ಲೇ ಮಾರಾಟವಾಗುತ್ತದೆ. ಕುಣಿ ಮಗ್ಗದಲ್ಲಿ, ಅಂದರೆ ನೆಲದ ಗುಂಡಿಯಲ್ಲಿ ಹೂಡಿದ ಕೈಮಗ್ಗದಲ್ಲಿ, ಕುಳಿತು ನೇಯ್ದ ಸೀರೆ ಮನೆಯಲ್ಲಿದ್ದರೆ ಅದನ್ನು ಉಡಬೇಕು, ಇಲ್ಲವೇ ಕಾಪಾಡಬೇಕು.

ಚಂದ್ರಕಾಳಿಯನ್ನು ತಿರುಗಿಸಿ ಹಿಂಬದಿ ನೋಡಿ. ಗಂಟು ಕಾಣದೆ, ಗೋಪುರವೂ ತುಳಸಿಕಟ್ಟೆಯೂ ಎರಡೂ ಬದಿಗೆ ಒಂದೇ ರೀತಿ ಇದ್ದರೆ ಅದು ಗವಂತಿ, ಮುರ್ಗಿ ಹೊಲಿಗೆಯ ಒಳ್ಳೆಯ ಕೈಕೆಲಸ. ನಕ್ಷೆ ಬರೆದುಕೊಳ್ಳದೆ ಬಟ್ಟೆಯ ಎಳೆ ಎಣಿಸಿ ಹಾಕಿದ್ದದು. ಅಂಥದ್ದನ್ನು ದಿಂಬಿನ ಚೀಲ ಮಾಡಿದರೆ ನೋಡಿದವರ ಕರುಳು ಚುರ್ ಎನ್ನುತ್ತದೆ.

ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡ. ಆಗಾಗ ಬಿಚ್ಚಿ ಬೇರೆ ಗೆರೆಯಲ್ಲಿ ಮಡಿಸಿ. ನುಸಿಗುಳಿಗೆ ಜರಿಗೆ ತಾಗದಿರಲಿ.

ಕೌದಿ ಹೊಲಿಯುವವಳು (ಇಳಕಲ್)

ಚಂದ್ರಕಾಳಿಯ ವಿಷಯದಲ್ಲಿ ವಿಜಯಪುರದ ಅಕ್ಕನವರ ಮಾತಿಗೆ ನನ್ನದೂ ಒಪ್ಪಿಗೆ. ಉಳಿದವುಗಳ ವಿಷಯದಲ್ಲಿ ಇಲ್ಲ. ಟ್ರಂಕಿನಲ್ಲಿ ಕುಳಿತ ಸೀರೆಯೂ ಹಾಳಾಗುತ್ತದೆ. ಇನ್ನು ಉಡಲಾಗದ ಸೀರೆಯನ್ನು ಕೌದಿಗೆ ಹಾಕುವುದು ನಮ್ಮ ಕಡೆ ಮನೆಮನೆಯ ಪದ್ಧತಿ, ಅದರಲ್ಲಿ ಸೀರೆಗೆ ಅವಮಾನವೇನೂ ಇಲ್ಲ. ಆದರೆ ಯಾವುದನ್ನು ಕತ್ತರಿಸಬೇಕು, ಎಲ್ಲಿ ಕತ್ತರಿಸಬೇಕು ಎಂಬುದು ಗೊತ್ತಿರಬೇಕು.

ಮೊದಲು ಬೆಳಗಿನ ಬೆಳಕಿಗೆ ಸೀರೆಯನ್ನು ಹಿಡಿದು ನೋಡಿ. ಮಡಿಕೆಯ ಗೆರೆಯಲ್ಲಿ ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ. ಆಮೇಲೆ ಒಡಲನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಹಗುರವಾಗಿ ಎಳೆಯಿರಿ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಗಟ್ಟಿ ಬಟ್ಟೆ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಜೀವ ಹೋದ ಬಟ್ಟೆ ಸಣ್ಣದಾಗಿ ಚರಚರ ಎನ್ನುತ್ತದೆ, ಎಳೆಗಳು ಅಲ್ಲಿಯೇ ಬಿಟ್ಟುಕೊಳ್ಳುತ್ತವೆ. ಗಟ್ಟಿಯಿದ್ದರೆ ಉಟ್ಟುಕೊಳ್ಳಿ. ಶಾಲೆಗೆ ಇಳಕಲ್ ಸೀರೆ ಉಟ್ಟು ಹೋಗುವುದಕ್ಕಿಂತ ಚಂದದ ಶೋಕಿ ಬೇರೆ ಯಾವುದಿದೆ ತಂಗೀ? ಬಿಟ್ಟುಕೊಂಡರೆ ಅದು ಕತ್ತರಿಗೆ ಬಂದಿದೆ ಎಂದು ತಿಳಿಯಿರಿ.

ಹಳೆಯ ಸೀರೆ ಎಲ್ಲ ಕಡೆ ಒಂದೇ ರೀತಿ ಹಾಳಾಗುವುದಿಲ್ಲ. ಹತ್ತಿಯ ಒಡಲು ಕುಳಿತೆದ್ದು ಮಾಡಿದ ಜಾಗದಲ್ಲಿ ತೆಳುವಾಗಿರುತ್ತದೆ. ದಡಿ, ಅಂದರೆ ಸೀರೆಯ ಅಂಚು, ಒತ್ತಾದ ನೇಯ್ಗೆ, ಅದು ಬಹುಪಾಲು ಗಟ್ಟಿಯಾಗಿಯೇ ಉಳಿದಿರುತ್ತದೆ. ಸೆರಗಿಗೆ ಒರಗುವ, ಉಜ್ಜುವ ಕೆಲಸ ಕಡಿಮೆ. ಕೆಂಪು ಸೆರಗಿನ ಮೇಲೆ ಕೋಟೆಯ ತೆನೆಯಂತೆ ಬಿಳಿ ಹಲ್ಲುಗಳಿರುತ್ತವಲ್ಲ, ಅದೇ ಟೋಪ್ ತೆನಿ ಸೆರಗು. ಅದನ್ನು ಎಂದಿಗೂ ತುಂಡು ಮಾಡಬೇಡಿ, ಇಡಿಯಾಗಿ ಉಳಿಸಿ.

ಇಲ್ಲಿ ಒಂದು ಎಚ್ಚರಿಕೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹೋಗುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಸೇರಿಸಿ ನೇಯುತ್ತಾರೆ. ಸೀರೆಯನ್ನು ಬೆಳಕಿಗೆ ಹಿಡಿದರೆ ಆ ಸಾಲು ಸಣ್ಣ ಗೆರೆಯಾಗಿ ಕಾಣುತ್ತದೆ, ಉಗುರಿನಿಂದ ಸವರಿದರೆ ತಿಳಿಯುತ್ತದೆ. ಅದರ ಪಕ್ಕದಲ್ಲೇ ಕತ್ತರಿಸಿದರೆ ಕುಣಿಕೆಗಳು ಜಾರಿ ಸೆರಗು ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಒಡಲಿನ ಕಡೆಗೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಕೂಡಲೇ ಅಂಚು ಮಡಚಿ ಹೊಲಿಯಿರಿ.

ಇನ್ನು ಪರದೆ. ಆರು ವಾರದ (ಗಜದ) ಸೀರೆ ಎಂದರೆ 216 ಇಂಚು. ಏಳು ಅಡಿಯ ಬಾಗಿಲಿಗೆ 84 ಇಂಚು, ಮೇಲೆ ಕೆಳಗೆ ಮಡಚಲು ನಾಲ್ಕು ನಾಲ್ಕು ಇಂಚು, ಒಟ್ಟು 92. ಹಾಗೆ ಎರಡು ಪರದೆ ತೆಗೆದರೆ 32 ಇಂಚು ಉಳಿಯುತ್ತದೆ. ಸೆರಗು ಅದರಲ್ಲಿ ಬರುತ್ತದೆಯೇ ಎಂದು ಅಳೆದು ನೋಡಿ. ಬಾರದಿದ್ದರೆ ಒಂದೇ ಪರದೆ ಸಾಕು, ಮಿಕ್ಕಿದ್ದು ದಿಂಬಿಗೆ. ಎಂಟು, ಒಂಬತ್ತು ವಾರದ ಹಳೆಯ ಸೀರೆಗಳಾದರೆ ಈ ಚಿಂತೆಯೇ ಇಲ್ಲ.

ಪಶ್ಚಿಮದ ಕಿಟಕಿಗೆ ಮಾತ್ರ ರೇಷ್ಮೆ ಬೇಡ. ಬಿಸಿಲು ರೇಷ್ಮೆಯ ಬಣ್ಣವನ್ನೂ ತಿನ್ನುತ್ತದೆ, ಎಳೆಯನ್ನೂ ತಿನ್ನುತ್ತದೆ. ಅಲ್ಲಿಗೆ ಹತ್ತಿ ಒಡಲಿನ ಸೀರೆಯನ್ನು ತೆಗೆದುಕೊಂಡು ಹಿಂದೆ ಬಿಳಿ ಹತ್ತಿಯ ಅಸ್ತರು ಕೊಡಿ. ಬಿಸಿಲು ಅಸ್ತರಿಗೆ ಬೀಳಲಿ. ಅದು ಹೋದರೆ ಬೇರೆಯದು ಹಾಕಬಹುದು. ಕಿಟಕಿಯ ಕಬ್ಬಿಣದ ಸರಳುಗಳು ಒಳಬದಿಗಿದ್ದರೆ ಮೊಳೆಯ ಗೊಡವೆಯೇ ಬೇಡ. ಪರದೆಯ ಮೇಲಂಚಿಗೆ ಗೇಣಿಗೊಂದರಂತೆ ಲಾಡಿ ಹೊಲಿದು ಸರಳಿಗೆ ಕಟ್ಟಿಬಿಡಿ.

ಕತ್ತರಿಸುವ ಮೊದಲು ಬಣ್ಣ ಬಿಡುತ್ತದೆಯೇ ನೋಡಿ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಸೀರೆಯ ಮೂಲೆಯ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಕೆಂಪು ಹತ್ತಿದರೆ ಆ ಸೀರೆಯನ್ನು ಬೇರೆ ಬಣ್ಣದ ಜೊತೆ ಸೇರಿಸಿ ಹೊಲಿಯಬೇಡಿ. ಉಪ್ಪುನೀರಿನಲ್ಲಿ ನೆನೆಸಿದರೆ ನಿಲ್ಲುತ್ತದೆ ಎನ್ನುವವರಿದ್ದಾರೆ, ಅದನ್ನು ನೆಚ್ಚಿಕೊಳ್ಳಬೇಡಿ.

ಹಳೇ ಬಾಗಲಕೋಟೆಯವ

ಅಕ್ಕನವರಿಗೆ ನಮಸ್ಕಾರ. ಬಟ್ಟೆಯ ವಿಷಯ ತಾಯಂದಿರು ಹೇಳಿದ್ದಾರೆ, ನಾನು ಮೊಳೆಯ ವಿಷಯ ಹೇಳುತ್ತೇನೆ.

ಹಳೆಯ ಊರಿನಲ್ಲಿದ್ದ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಬರುವಾಗ ಸಾಗವಾನಿ ಕಿಟಕಿಯ ಒಂದು ಚೌಕಟ್ಟನ್ನು ಬಿಚ್ಚಿ ತಂದಿದ್ದೆವು. ಈಗ ಅದರೊಳಗೆ ನಮ್ಮ ತಾಯಿಯ ಸೀರೆಯ ಸೆರಗು ಇದೆ. ಗೋಡೆಗೆ ಹಾಕಿಲ್ಲ, ತಗ್ಗಾದ ಬೆಂಚಿನ ಮೇಲೆ ಗೋಡೆಗೆ ಒರಗಿಸಿಟ್ಟಿದ್ದೇವೆ. ಜಾರದಂತೆ ಕೆಳಗೆ ಸೈಕಲ್ ಟ್ಯೂಬಿನ ತುಂಡು. ಮನೆಗೆ ಬಂದವರೆಲ್ಲ ಮೊದಲು ನೋಡುವುದು ಅದನ್ನೇ.

ಸೆರಗನ್ನು ಚೌಕಟ್ಟಿಗೆ ಹಾಕುವಾಗ ಫೆವಿಕಾಲ್ ಹಚ್ಚಲೇಬೇಡಿ, ಕಲೆ ಬಿದ್ದರೆ ಹೋಗುವುದಿಲ್ಲ. ಒಗೆದ ಬಿಳಿ ಹತ್ತಿ ಬಟ್ಟೆಯನ್ನು ಹಲಗೆಯ ಮೇಲೆ ಬಿಗಿದು, ಸೆರಗಿನ ಅಂಚನ್ನು ಅದಕ್ಕೆ ಸಣ್ಣ ಹೊಲಿಗೆಯಿಂದ ಹಿಡಿಸಬೇಕು. ಸೆರಗು ನೇರವಾಗಿ ಕಟ್ಟಿಗೆಗೂ ತಾಗಬಾರದು, ಗಾಜಿಗೂ ತಾಗಬಾರದು. ಗಾಜಿಗೆ ಅಂಟಿಕೊಂಡರೆ ಮಳೆಗಾಲದ ತೇವ ಅಲ್ಲಿಯೇ ನಿಂತು ಬೂಷ್ಟು ಹಿಡಿಯುತ್ತದೆ. ನಡುವೆ ತೆಳುವಾದ ಕಟ್ಟಿಗೆಯ ಪಟ್ಟಿ ಕೊಟ್ಟರೆ ಸಾಕು.

ಅಂಟಿಸುವ ಕೊಕ್ಕೆಗಳನ್ನು ಡಿಸ್ಟೆಂಪರ್ ಗೋಡೆಗೆ ಹಾಕಬೇಡಿ. ಪುಡಿಯ ಸಮೇತ ಕಿತ್ತು ಬರುತ್ತವೆ. ಬಾಗಿಲ ಚೌಕಟ್ಟು, ಕಪಾಟಿನ ಬದಿಯಂಥ ನುಣುಪು ಜಾಗದಲ್ಲಿ ನಿಲ್ಲುತ್ತವೆ.

ಇನ್ನೊಂದು ಮಾತು, ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು. ಆ ಬಿಳಿ ಬಲ್ಬು ಬದಲಿಸಿ. ಎಲ್‌ಇಡಿ ಡಬ್ಬಿಯ ಮೇಲೆ 6500ಕೆ ಎಂದಿದ್ದರೆ ಅದು ಕಚೇರಿಯ ಬೆಳಕು. 2700ಕೆ ಅಥವಾ 3000ಕೆ ಇರುವುದನ್ನು ಕೇಳಿ ತನ್ನಿ. ಇಳಕಲ್‌ನ ಕೆಂಪನ್ನು ಹಳದಿ ಬೆಳಕಿನಲ್ಲಿ ನೋಡಬೇಕು, ಬಿಳಿ ಬೆಳಕಿನಲ್ಲಿ ಮಂಕಾಗಿ ಕಾಣುತ್ತದೆ.

ಶಹಾಪುರದ ಟೇಲರ್ (ಬೆಳಗಾವಿ)

ಖಣಗಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಆ ಚೀಲವನ್ನು ನೆಲದ ಮೇಲೆ ಸುರಿದು ಎರಡು ಗುಂಪು ಮಾಡಿ. ಉಡಿ ತುಂಬುವಾಗ ಈಗ ಹೆಚ್ಚಾಗಿ ಕೊಡುವುದು ಸಾದಾ ಬ್ಲೌಸ್ ಪೀಸು. ಅವುಗಳ ನಡುವೆ ಗುಳೇದಗುಡ್ಡದ ಖಣ ಇದ್ದರೆ ಮುಟ್ಟಿದ ಕೂಡಲೇ ತಿಳಿಯುತ್ತದೆ: ಸಣ್ಣ ಸಣ್ಣ ಬುಟ್ಟಾ ಚಿತ್ತಾರಗಳು ಅಚ್ಚು ಹಾಕಿದ್ದಲ್ಲ, ಬಟ್ಟೆಯಲ್ಲೇ ನೇಯ್ದದ್ದು, ಬದಿಗೆ ದಡಿಯೂ ಇರುತ್ತದೆ.

ಶಾಲೆಗೆ ಎಂದಿರಿ. ಗಾಢ ಬಣ್ಣದ ಸಾದಾ ಹತ್ತಿ ಕುರ್ತಾ ತೆಗೆದುಕೊಂಡು ಎದೆಯ ಭಾಗಕ್ಕೆ ಖಣದ ಪಟ್ಟಿ, ತೋಳಿನ ತುದಿಗೆ ಹಳೆಯ ಇಳಕಲ್ ದಡಿ ಕೊಡಿ. ಅಷ್ಟೇ ಸಾಕು. ಮೈತುಂಬ ಖಣ ಹಾಕಿದರೆ ಅದು ಹಬ್ಬದ ಉಡುಪಾಗುತ್ತದೆ, ದಿನದ ಉಡುಪಾಗುವುದಿಲ್ಲ. ಕುರ್ತಾದ ಬಟ್ಟೆಯನ್ನೂ ಪಟ್ಟಿಯನ್ನೂ ಮೊದಲೇ ಒಗೆದು ಒಣಗಿಸಿ. ಒಂದು ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಎದೆಯ ಮೇಲೆ ನೆರಿಗೆ ಬೀಳುತ್ತದೆ. ಖಣದ ಅಂಚು ಬೇಗ ಎಳೆ ಬಿಡುತ್ತದೆ, ಹೊಲಿಗೆಗೆ ಒಂದಿಂಚು ಬಿಟ್ಟುಕೊಳ್ಳಿ. ಪುಸ್ತಕದ ಚೀಲ ಮಾಡುವುದಾದರೆ ಒಳಗೆ ಕ್ಯಾನ್ವಾಸ್ ಇರಲೇಬೇಕು, ಭಾರ ಹೊರುವುದು ಅದು. ಖಣ ಮೇಲೆ ಚಂದಕ್ಕೆ ಮಾತ್ರ.

ನೇರ ಹೊಲಿಗೆ ಬರುವವರಿಗೆ ದಿಂಬಿನ ಚೀಲ ಸುಲಭ. ಹದಿನಾರು ಇಂಚಿನ ದಿಂಬಿಗೆ ಮುಂದೆ ಖಣ 17 ಇಂಚು ಚೌಕ, ಹಿಂದೆ ಸಾದಾ ಹತ್ತಿಯ ಎರಡು ತುಂಡು, ಒಂದೊಂದೂ 17 ಉದ್ದ, 11 ಅಗಲ. ಹಿಂದಿನ ತುಂಡುಗಳ ಒಂದೊಂದು ಅಂಚು ಮಡಚಿ ಹೊಲಿದು, ಒಂದರ ಮೇಲೊಂದು ಬರುವಂತೆ ಇಟ್ಟು ನಾಲ್ಕೂ ಬದಿ ಹೊಲಿದು ತಿರುವಿಬಿಡಿ. ಜಿಪ್ ಬೇಡ, ಗುಂಡಿ ಬೇಡ. ನೆತ್ತಿ ತಾಗುವ ಕಡೆ ಜರಿ ಬಾರದಂತೆ ನೋಡಿಕೊಳ್ಳಿ, ಚುಚ್ಚುತ್ತದೆ.

ನವನಗರದ ಟೀಚರ್ (ಬಾಗಲಕೋಟೆ)

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಬೆಳಿಗ್ಗೆ ಎಲ್ಲ ಸೀರೆಗಳನ್ನು ಕಿಟಕಿಗೆ ಹಿಡಿದು ನೋಡಿದೆ. ನವಿಲು ಬಣ್ಣದ್ದು ಗಟ್ಟಿಯಾಗಿದೆ, ಸೋಮವಾರ ಉಟ್ಟು ಶಾಲೆಗೆ ಹೋಗುತ್ತೇನೆ. ಗಿಳಿಹಸಿರಿನ ಒಡಲು ಹತ್ತಿ, ಎರಡು ಕಡೆ ಮಾತ್ರ ಸೀಳಿದೆ, ಪಶ್ಚಿಮದ ಕಿಟಕಿಗೆ ಅದೇ. ದಾಳಿಂಬೆ ಕೆಂಪು ಹೆಬ್ಬೆರಳ ನಡುವೆ ಚರಚರ ಎಂದಿತು, ಒದ್ದೆ ಬಟ್ಟೆಗೆ ಬಣ್ಣವನ್ನೂ ಬಿಟ್ಟಿತು. ಅದರ ಸೆರಗು ಮಾತ್ರ ಬಲು ಚಂದವಾಗಿದೆ, ಹಳೇ ಬಾಗಲಕೋಟೆಯ ಅಣ್ಣನವರು ಹೇಳಿದಂತೆ ಚೌಕಟ್ಟಿಗೆ ಹಾಕುತ್ತೇನೆ. ಅತ್ತೆಯವರಿಗೆ ಫೋನಿನಲ್ಲಿ ಹೇಳಿದೆ. ಅದು ಅವರ ಮದುವೆಯ ಸೀರೆಯಂತೆ. "ಸೆರಗು ಉಳಿಯಿತಲ್ಲ, ಸಾಕು" ಎಂದರು. ಚಂದ್ರಕಾಳಿ ಬಿಳಿ ಬಟ್ಟೆಯಲ್ಲಿ ಸುತ್ತಿ ಕಪಾಟು ಸೇರಿದೆ.

ಇಳಕಲ್‌ನ ಅಕ್ಕನವರಿಗೆ ಇನ್ನೊಂದು ಪ್ರಶ್ನೆ. ಅತ್ತೆಯವರ ಮೆತ್ತಗಾದ ಹತ್ತಿ ಸೀರೆಗಳೂ ಮಾವನವರ ಧೋತರಗಳೂ ಇವೆ. ಮಗಳಿಗೆ ಸಣ್ಣದೊಂದು ಕೌದಿಯನ್ನು ನಾನೇ ಹೊಲಿಯಬಹುದೇ?

ಕೌದಿ ಹೊಲಿಯುವವಳು (ಇಳಕಲ್)

ಧಾರಾಳವಾಗಿ ಹೊಲಿಯಿರಿ. ಮಗುವಿಗೆ ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದ ಸಾಕು.

ಒಳಗೆ ಹತ್ತಿ ಮಾತ್ರ ಹಾಕಿ, ರೇಷ್ಮೆ ಜಾರುತ್ತದೆ. ಧೋತರ ಒಳಪದರಕ್ಕೆ ಬಲು ಒಳ್ಳೆಯದು. ನೆಲ ಒರೆಸಿ ಕೆಳಪದರವನ್ನು ಸುಕ್ಕಿಲ್ಲದಂತೆ ಹಾಸಿ, ನಾಲ್ಕು ಮೂಲೆಗೆ ಡಬ್ಬಿ ಹೇರಿ. ಅದರ ಮೇಲೆ ಎರಡು ಮೂರು ಪದರ ಧೋತರ, ಮೇಲೆ ಬಣ್ಣದ ಸೀರೆ. ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿಸಿ. ಆಮೇಲೆ ಅಂಚು ಮಡಚಿ, ಒಂದು ಮೂಲೆಯಿಂದ ಶುರು ಮಾಡಿ ಸುತ್ತುಸುತ್ತಾಗಿ ಒಳಕ್ಕೆ ಬನ್ನಿ. ಸಾಲಿನಿಂದ ಸಾಲಿಗೆ ಎರಡು ಬೆರಳು ಅಂತರ. ಒಂದೊಂದು ಸುತ್ತು ಮುಗಿದಾಗಲೂ ಅಂಗೈಯಿಂದ ನಡುವಿನ ಕಡೆಗೆ ಸವರಿ, ಇಲ್ಲದಿದ್ದರೆ ನಡುವೆ ಬಟ್ಟೆ ಉಬ್ಬಿ ನಿಲ್ಲುತ್ತದೆ. ದಪ್ಪ ಹತ್ತಿ ದಾರಕ್ಕೆ ಮೇಣ ಸವರಿಕೊಳ್ಳಿ, ಬೆರಳಿಗೆ ಅಂಗುಸ್ತಾನ ಇರಲಿ. ಒಂದು ಮೊಳಕ್ಕಿಂತ ಉದ್ದದ ದಾರ ಪೋಣಿಸಬೇಡಿ, ಸಿಕ್ಕಾಗುತ್ತದೆ.

ದಾಳಿಂಬೆ ಕೆಂಪಿನ ದಡಿಯನ್ನು ಅದಕ್ಕೆ ಹಾಕಬೇಡಿ, ಮೊದಲ ಒಗೆತಕ್ಕೇ ಇಡೀ ಕೌದಿ ಕೆಂಪಾದೀತು. ಗಿಳಿಹಸಿರಿನ ಪರದೆಯಲ್ಲಿ ಉಳಿದ ದಡಿಯನ್ನು ನಾಲ್ಕೂ ಅಂಚಿಗೆ ಕೊಡಿ. ಅದು ಬಣ್ಣ ಬಿಡುವುದಿಲ್ಲ ಎಂದು ಒದ್ದೆ ಬಟ್ಟೆಯಿಂದ ನೋಡಿಕೊಂಡ ಮೇಲೆಯೇ.