ಸಸ್ಕ್ಯಾಚವಾನ್ ನಕ್ಷೆಗಳಲ್ಲಿ ನೇರ ರಸ್ತೆಗಳು ಪಕ್ಕಕ್ಕೆ ಸರಿಯುವುದೇಕೆ?

ಪ್ರಶ್ನೆ

ಕೆನಡಾ ಸರ್ಕಾರದ 1:50,000 ಅಳತೆಯ ಸ್ಥಳಾಕೃತಿ ನಕ್ಷೆಗಳ ನೆರವಿನಿಂದ ಸಸ್ಕ್ಯಾಚವಾನ್ ಪ್ರೇರಿ ಬಯಲಿನ ವಲಸಿಗರ ಇತಿಹಾಸವನ್ನು ತಿಳಿಯಲು ಪ್ರಯತ್ನಿಸುತ್ತಿದ್ದೇನೆ. ಮೈಲಿಗೊಂದರಂತೆ ನೂಲು ಹಿಡಿದ ಹಾಗೆ ಉತ್ತರಕ್ಕೆ ಸಾಗುವ ರಸ್ತೆಗಳು, ಗುಡ್ಡವಾಗಲಿ ಕೆರೆಯಾಗಲಿ ಅಡ್ಡ ಬಾರದಿದ್ದರೂ, ಒಮ್ಮೆಲೇ ಪಕ್ಕಕ್ಕೆ ಸರಿದು ಮತ್ತೆ ನೇರವಾಗುತ್ತವೆ. ಹಳೆಯ ಹಾಳೆಗಳಲ್ಲಿ ಊರಿಲ್ಲದ ಬಯಲಿನಲ್ಲೂ ಶಾಲೆಯ ಗುರುತುಗಳಿವೆ. ಇವುಗಳಿಗೆ ಕಾರಣವೇನು?

ಉತ್ತರ 1

ರಸ್ತೆ ಸರಿಯುವುದಕ್ಕೆ ಭೂಮಿ ಗುಂಡಗಿರುವುದೇ ಕಾರಣ. 1871ರಲ್ಲಿ ಆರಂಭವಾದ ಡೊಮಿನಿಯನ್ ಭೂಮಾಪನವು (ಕೆನಡಾ ಕೇಂದ್ರ ಸರ್ಕಾರದ ಜಮೀನು ಅಳತೆ) ಬಯಲನ್ನು ಆರು ಮೈಲಿ ಉದ್ದಗಲದ ಟೌನ್‌ಶಿಪ್‌ಗಳಾಗಿಯೂ, ಪ್ರತಿ ಟೌನ್‌ಶಿಪ್ಪನ್ನು ತಲಾ ಒಂದು ಚದರ ಮೈಲಿಯ 36 ಸೆಕ್ಷನ್‌ಗಳಾಗಿಯೂ ವಿಂಗಡಿಸಿತು. ರೇಖಾಂಶಗಳು ಉತ್ತರಕ್ಕೆ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ಚೌಕಗಳು ಕಿರಿದಾಗುತ್ತ ಹೋಗುತ್ತವೆ. ಆ ವ್ಯತ್ಯಾಸವನ್ನು 24 ಮೈಲಿಗೊಮ್ಮೆ ಬರುವ ತಿದ್ದುಪಡಿ ರೇಖೆಗಳಲ್ಲಿ ಸರಿಪಡಿಸಿ, ಅಲ್ಲಿಂದ ಅಳತೆಯನ್ನು ಹೊಸದಾಗಿ ಮುಂದುವರಿಸಿದರು. ನೀವು ಕಂಡದ್ದು ಆ ಹೊಂದಾಣಿಕೆಯನ್ನು. ಸೆಕ್ಷನ್‌ಗಳ ಎಣಿಕೆ ಆಗ್ನೇಯ ಮೂಲೆಯಿಂದ ಆರಂಭವಾಗುತ್ತದೆ ಎಂಬುದು ನೆನಪಿರಲಿ. ಅಮೆರಿಕದ ನಕ್ಷೆ ನೋಡಿ ಬಂದವರು ಎಡವುವುದು ಇಲ್ಲಿಯೇ.

ಉತ್ತರ 2

ಶಾಲೆಗಳಿಗೆ 11 ಮತ್ತು 29ನೆಯ ಸೆಕ್ಷನ್‌ಗಳನ್ನು ಮೀಸಲಿಟ್ಟಿದ್ದರು. ಗುರುತುಗಳು ಅಲ್ಲಿಯೇ ಇರಬೇಕು.

ಉತ್ತರ 3

ಹಾಗೆ ಭಾವಿಸಿದರೆ ಹುಡುಕಾಟ ದಾರಿ ತಪ್ಪುತ್ತದೆ. ಆ ಸೆಕ್ಷನ್‌ಗಳು ಮಾರಿ ಶಿಕ್ಷಣಕ್ಕೆ ಹಣ ಒದಗಿಸಲು ಇಟ್ಟ ಜಮೀನುಗಳು. ಶಾಲೆಯ ಕಟ್ಟಡ ಮಕ್ಕಳು ನಡೆದು ಬರಬಹುದಾದ ಜಾಗದಲ್ಲಿ ಏಳುತ್ತಿತ್ತು. ವಲಸಿಗರಿಗೆ ಜಮೀನು ಹಂಚಲು ಮಾಡಿದ 1872ರ ಡೊಮಿನಿಯನ್ ಭೂ ಕಾಯ್ದೆಯಂತೆ ಹತ್ತು ಡಾಲರ್ ಶುಲ್ಕ ಕಟ್ಟಿ, ಮೂರು ವರ್ಷ ನೆಲೆಸಿ ಉಳುಮೆ ಮಾಡಿದವರಿಗೆ 160 ಎಕರೆಯ ಕಾಲು ಸೆಕ್ಷನ್ ದೊರೆಯುತ್ತಿತ್ತು. ಬೆಸ ಸಂಖ್ಯೆಯ ಸೆಕ್ಷನ್‌ಗಳಲ್ಲಿ ಬಹುಪಾಲು ರೈಲ್ವೆಗೆ ಮೀಸಲಾಗಿದ್ದುದರಿಂದ ಮನೆಗಳು ದೂರ ದೂರ ಚದುರಿದವು, ಹೀಗಾಗಿ ಶಾಲೆಗಳೂ ಬಯಲಿನ ನಡುವೆ ನಿಂತವು. ಹಳೆಯ ಹಾಳೆಯಲ್ಲಿದ್ದು ಹೊಸದರಲ್ಲಿ ಇಲ್ಲದ ಶಾಲೆ, ರೈಲು ಹಳಿ, ಧಾನ್ಯದ ಎಲಿವೇಟರುಗಳನ್ನು (ಧಾನ್ಯ ತುಂಬಿಡುವ ಎತ್ತರದ ಕಣಜಗಳನ್ನು) ಮೊದಲು ಪಟ್ಟಿ ಮಾಡಿ. ಸ್ಮಶಾನದ ಗುರುತು ಮಾತ್ರ ಉಳಿದಿದ್ದರೆ, ಅದರ ಸುತ್ತ ಜನವಸತಿ ಇದ್ದಿರಬಹುದೇ ಎಂದು ವಿಚಾರಿಸುವುದು ಒಳ್ಳೆಯದು.

ಉತ್ತರ 4

ಚೌಕಗಳು ತಪ್ಪಿದ ಕಡೆಯನ್ನೂ ಗಮನಿಸಿ. ದಕ್ಷಿಣ ಸಸ್ಕ್ಯಾಚವಾನ್ ನದಿಯ ದಡದಲ್ಲಿ, ಬಟೋಶ್ ಸುತ್ತಮುತ್ತ, ನೀರಿನಿಂದ ಹಿಂದಕ್ಕೆ ಚಾಚಿದ ಉದ್ದನೆಯ ಪಟ್ಟಿಗಳಂತಹ ಹಿಡುವಳಿಗಳಿವೆ. ಅವು ಮೆಟಿಸ್ ಜನರ, ಅಂದರೆ ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದ ಸಮುದಾಯದ, ಪದ್ಧತಿ. ಅವರ ಹಿಡುವಳಿಗಳಿಗೂ ಸರ್ಕಾರದ ಚೌಕಗಳಿಗೂ ನಡುವಿನ ತಿಕ್ಕಾಟ 1885ರಲ್ಲಿ ಮೆಟಿಸರು ಎದ್ದ ಬಂಡಾಯದ ಕಾರಣಗಳಲ್ಲೊಂದು. ಅದಕ್ಕೂ ಮುನ್ನ, 1869ರಲ್ಲಿ, ಈಗಿನ ಮ್ಯಾನಿಟೋಬಾದ ಕೆಂಪು ನದಿಯ ಬಳಿ ಮೆಟಿಸ್ ನಾಯಕ ಲೂಯಿ ರಿಯೆಲ್ ಮತ್ತು ಸಂಗಡಿಗರು ಭೂಮಾಪಕರ ಕೆಲಸವನ್ನೇ ತಡೆದಿದ್ದರು.